ಮೂರು ಗಂಟೆ ಎಂದರೆ ಎಷ್ಟು?

ನಾವು ಓದುವಾಗ ಎಸ್ಸೆಸ್ಸೆಲ್ಸಿಯಲ್ಲಿ 35 ಬಂದರೆ ಪಾಸು. ಫಲಿತಾಂಶದ ದಿನ ಯಾರಾದರೂ ಬಂದು ‘ಈ ಸಲ ಬರೆದವರು ಜಾಸ್ತಿ, 42 ಬಂದವರಷ್ಟೇ ಪಾಸು’ ಎಂದಿದ್ದರೆ ಏನಾಗುತ್ತಿತ್ತೋ! ಅಮೆರಿಕದ ಬಾಸ್ಟನ್ ಮ್ಯಾರಥಾನ್ ಹೆಚ್ಚುಕಡಿಮೆ ಹೀಗೇ ನಡೆಯುತ್ತಿದೆ. ಓಟಗಾರರು ಒಂದಿಷ್ಟು ಗೊಣಗಿ ಮತ್ತೆ ಶೂ ಲೇಸು ಕಟ್ಟುತ್ತಾರೆ.

2025ರ ಓಟಕ್ಕೆ ಅರ್ಜಿ ಹಾಕಲು 18ರಿಂದ 34 ವಯಸ್ಸಿನ ಗಂಡಸರು ಮೊದಲೇ ಒಂದು ಮ್ಯಾರಥಾನ್‌ನಲ್ಲಿ ತಂದಿರಬೇಕಾದ ಅರ್ಹತಾ ಸಮಯ ಮೂರು ಗಂಟೆ ಎಂದು ಪ್ರಕಟವಾಗಿತ್ತು. ಅರ್ಜಿಗಳು ಬಂದ ಮೇಲೆ ನೋಡಿದರೆ, ಅದಕ್ಕಿಂತ 6 ನಿಮಿಷ 51 ಸೆಕೆಂಡ್ ಬೇಗ ಓಡಿದವರಿಗೆ ಮಾತ್ರ ಜಾಗ. 42 ಕಿಲೋಮೀಟರಿನಲ್ಲಿ ಏಳು ನಿಮಿಷ ಯಾವ ಮಹಾ ಎನ್ನಬೇಡಿ. ಪ್ರತಿ ಕಿಲೋಮೀಟರಿಗೂ ಹತ್ತಿರಹತ್ತಿರ ಹತ್ತು ಸೆಕೆಂಡ್ ಇಳಿಸಬೇಕು. ಕೆಲವರಿಗೆ ಅದು ಎರಡು ವರ್ಷದ ದುಡಿಮೆ. ಮರುವರ್ಷ 60ರೊಳಗಿನವರಿಗೆ ಐದು ನಿಮಿಷ ಬಿಗಿ ಮಾಡಿದರು. ಆಗಲೂ ಸಾಲದೆ ಇನ್ನೂ 4 ನಿಮಿಷ 34 ಸೆಕೆಂಡ್ ಕತ್ತರಿಸಿದರು.

ಗಡಿಯಾರದ ಈ ಬಾಗಿಲೇ ತಪ್ಪು ಎಂದು ನಾನು ಹೇಳಲಾರೆ. 1897ರಲ್ಲಿ ಹದಿನೈದು ಜನ ಓಡಿದ ಓಟ 1960ರ ದಶಕದ ಕೊನೆಗೆ ಸಾವಿರ ದಾಟಿತು. 1970ರಲ್ಲಿ ಸಂಘಟಕರು ನಾಲ್ಕು ಗಂಟೆಯೊಳಗೆ ಮುಗಿಸುವಷ್ಟು ತಯಾರಿ ಇದೆಯೆಂಬ ದೃಢೀಕರಣ ಕೇಳಿದರು. ಹಾಪ್ಕಿಂಟನ್ ಎಂಬ ಸಣ್ಣ ಊರಿನ ರಸ್ತೆಯಲ್ಲಿ ಹೊರಡುವ ಓಟ ಅದು. ಇವತ್ತು ಮೂವತ್ತು ಸಾವಿರ ಜನ ಹಿಡಿಯುವುದೇ ಹೆಚ್ಚು. ಲಂಡನ್ನಿನಂತೆ ಚೀಟಿ ಎತ್ತಬಹುದು, ದೇಣಿಗೆ ಸಂಗ್ರಹಿಸಿ ತಂದವರನ್ನು ಸೇರಿಸಬಹುದು (ಬಾಸ್ಟನ್ನಿನಲ್ಲಿ ಆ ದಾರಿಯೂ ಇದೆ). ಅದೃಷ್ಟಕ್ಕಿಂತ, ಕೈಚೀಲಕ್ಕಿಂತ ಕಾಲಿನ ಲೆಕ್ಕ ವಾಸಿ.

ನನ್ನ ತಕರಾರು ಮಾತು ತಪ್ಪುವುದರ ಬಗ್ಗೆ. ನಮ್ಮ ಸಿಇಟಿಯಲ್ಲೂ ಹೀಗೇ ಅಲ್ಲವೇ ಎನ್ನಬಹುದು. ಅಲ್ಲಿ ಅದನ್ನು ರ‍್ಯಾಂಕ್ ಎಂದೇ ಕರೆಯುತ್ತಾರೆ. ಇಂತಿಷ್ಟು ಅಂಕ ಬಂದರೆ ಎಂಜಿನಿಯರಿಂಗ್ ಸೀಟು ಗ್ಯಾರಂಟಿ ಎಂದು ಯಾರೂ ಬರೆದುಕೊಡುವುದಿಲ್ಲ. ಬಾಸ್ಟನ್ನಿನವರೂ ಅರ್ಹತೆ ಸಿಕ್ಕರೆ ಪ್ರವೇಶ ಖಾತ್ರಿಯಲ್ಲ ಎಂದು ನಿಯಮಗಳಲ್ಲಿ ಹೇಳಿಯೇ ಇದ್ದಾರೆ, ನಿಜ. ಆದರೆ ಓಟಗಾರ ಕನಸಿನಲ್ಲೂ ಕನವರಿಸುವುದು ಆ ದುಂಡು ಸಂಖ್ಯೆಯನ್ನು. ಸಿಗುವುದು ಸರದಿಯಾದರೆ ಸರದಿ ಎಂದೇ ಹೇಳಲಿ.

ಇನ್ನು ಸೆಕೆಂಡುಗಳ ಬಗೆಗಿನ ಈ ಭಕ್ತಿ. ಗಡಿಯಾರ ಎಲ್ಲ ಕಡೆ ಒಂದೇ, ರಸ್ತೆ ಒಂದೇ ಅಲ್ಲ. ಜನವರಿಯಲ್ಲೂ ಬೆವರಿಳಿಸುವ ಮುಂಬೈ ಮ್ಯಾರಥಾನ್‌ನಲ್ಲಿ, ಕಾಲು ಸೋತ ಹೊತ್ತಿಗೆ ಪೆಡ್ಡರ್ ರೋಡಿನ ಏರು ಹತ್ತಿ ತಂದ ಸಮಯವೂ, ತಂಪಾದ ಬರ್ಲಿನ್‌ನ ಮಟ್ಟಸ ಬೀದಿಯಲ್ಲಿ ತಂದ ಸಮಯವೂ ಅರ್ಜಿಯಲ್ಲಿ ಸರಿಸಮ. ಹೀಗಾಗಿ ಅನುಕೂಲಸ್ಥರು ಸೆಖೆಯ ಊರು ಬಿಟ್ಟು ಚಳಿಯ ಊರಿಗೆ ವಿಮಾನ ಹತ್ತುತ್ತಾರೆ. ಕೈಚೀಲ ಹಿಂಬಾಗಿಲಿನಿಂದ ಒಳಗೆ ಬಂತು, ನೋಡಿ. ಅಮೆರಿಕದಲ್ಲಂತೂ ಬೆಟ್ಟದ ಮೇಲಿಂದ ಕೆಳಗೆ ಉರುಳಿದಂತೆ ಓಡುವ ಮ್ಯಾರಥಾನ್‌ಗಳೇ ಇವೆ. 2027ರ ಬಾಸ್ಟನ್ ಓಟದಿಂದ, ನಿವ್ವಳ ಇಳಿಜಾರು 1,500 ಅಡಿ ಮುಟ್ಟಿದ ಓಟದ ಸಮಯಕ್ಕೆ ಐದು ನಿಮಿಷ, 3,000 ಅಡಿ ಮುಟ್ಟಿದರೆ ಹತ್ತು ನಿಮಿಷ ಕೂಡಿಸುವ ನಿಯಮ ತಂದಿದ್ದಾರೆ. ಒಳ್ಳೆಯದೇ. ಬಾಸ್ಟನ್ನಿನ ದಾರಿಯೇ ಇಳಿಮುಖ ಎನ್ನುವುದು ತಮಾಷೆ: 2011ರಲ್ಲಿ ಜೆಫ್ರಿ ಮುಟಾಯ್ ಅಲ್ಲಿ 2:03:02ರಲ್ಲಿ ಓಡಿ ಗೆದ್ದರೂ, ಇಳಿಜಾರಿನ ಈ ದಾರಿ ದಾಖಲೆಯ ನಿಯಮಕ್ಕೆ ಹೊಂದದ ಕಾರಣ ಅದು ವಿಶ್ವದಾಖಲೆ ಆಗಲಿಲ್ಲ.

ಇಳಿಜಾರಿಗೆ ನಿಮಿಷ ಕೂಡಿಸಲು ಬರುವವರಿಗೆ ಸೆಖೆಗೆ, ಏರಿಗೆ ಒಂದೆರಡು ನಿಮಿಷ ಕಳೆಯಲು ಬಾರದೇ? ಲೆಕ್ಕ ಕಷ್ಟ, ಜಗಳ ಖಂಡಿತ, ಆದರೂ ಮಾಡಬೇಕಾದದ್ದೇ.

ಅಲ್ಲಿಯವರೆಗೆ ನಮ್ಮ ಓಟಗಾರರಿಗೆ ಒಂದು ಮಾತು. ಅರ್ಜಿ ತೆರೆಯುವುದು ಸೆಪ್ಟೆಂಬರಿನಲ್ಲಿ. ಪ್ರಕಟವಾದ ಸಮಯಕ್ಕಿಂತ ಏಳೆಂಟು ನಿಮಿಷ ಕೈಯಲ್ಲಿಲ್ಲದಿದ್ದರೆ ವಿಮಾನದ ಟಿಕೆಟ್ ತೆಗೆಸಬೇಡಿ.