ಎಲೆಯ ಚಿತ್ರ ಸಾಲದು, ಪುರಾವೆ ಬೇಕು

ತರಕಾರಿ ಅಂಗಡಿಯಲ್ಲಿ ಕೈಗೆ ಬರುವ ಕೆಲವು ಚೀಲಗಳ ಮೇಲೆ ‘ನಾನು ಪ್ಲಾಸ್ಟಿಕ್ ಅಲ್ಲ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ, ಪಕ್ಕದಲ್ಲೊಂದು ಹಸಿರೆಲೆ. ಅದು ನಿಜಕ್ಕೂ ಗೊಬ್ಬರವಾಗುವ ಚೀಲವಾದರೆ ತಯಾರಕರ ಹೆಸರೂ ಪ್ರಮಾಣಪತ್ರದ ಸಂಖ್ಯೆಯೂ ಸಿಗಬೇಕು. ಅವೆರಡೂ ಇದ್ದರೂ, ಇಂಥ ಬಹುಪಾಲು ಚೀಲಗಳು ಸರಿಯಾಗಿ ಕೊಳೆಯಲು 58 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಉಳಿಸಿಕೊಳ್ಳುವ ಗೊಬ್ಬರ ಘಟಕ ಬೇಕು. ಹಿತ್ತಲ ಗುಂಡಿಯಲ್ಲಿ, ರಾಜಕಾಲುವೆಯಲ್ಲಿ ಅಂಥ ಬಿಸಿ ಎಲ್ಲಿಂದ ಬರಬೇಕು?

ಹೀಗೆ ಅರ್ಧ ಹೇಳಿ ಅರ್ಧ ಮುಚ್ಚಿಡುವುದನ್ನು ತಡೆಯಲೆಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ‘ಪರಿಸರಸ್ನೇಹಿ’, ‘ನೈಸರ್ಗಿಕ’, ‘ಸುಸ್ಥಿರ’ ಎಂಬ ಮಾತುಗಳನ್ನು ಆಧಾರವಿಲ್ಲದೆ, ವಿವರಣೆಯಿಲ್ಲದೆ ಬಳಸುವಂತಿಲ್ಲ. ಸಂಶೋಧನೆಯಲ್ಲಿ ತನಗೆ ಅನುಕೂಲವಾದ ಅಂಕಿಗಳನ್ನಷ್ಟೇ ಹೆಕ್ಕಿ ತೋರಿಸುವಂತಿಲ್ಲ. ‘ಗೊಬ್ಬರವಾಗುತ್ತದೆ’, ‘ಮರುಬಳಕೆಯಾಗುತ್ತದೆ’ ಎನ್ನುವವರ ಬಳಿ ಪ್ರಮಾಣಪತ್ರವೋ ವೈಜ್ಞಾನಿಕ ಸಾಕ್ಷ್ಯವೋ ಇರಲೇಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡವಿದೆ.

ದೊಡ್ಡ ಕಂಪನಿಯ ಜಾಹೀರಾತು ವೆಚ್ಚದ ಮುಂದೆ ಈ ಮೊತ್ತ ಏನೇನೂ ಅಲ್ಲ.

ಇನ್ನೊಂದು ಸಡಿಲವೂ ಇದೆ. ವಿವರಗಳನ್ನು ಕ್ಯೂಆರ್ ಕೋಡ್ ಮೂಲಕ ಕೊಟ್ಟರೂ ನಡೆಯುತ್ತದೆ. ಹೊಗಳಿಕೆ ದಪ್ಪಕ್ಷರದಲ್ಲಿ, ಷರತ್ತು ಮಾತ್ರ ಫೋನು ತೆಗೆದು ಹುಡುಕುವವರಿಗೆ ಎಂದಾದರೆ ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಏನು ಸಿಕ್ಕಿತು? ಮುಖ್ಯ ಷರತ್ತು ಪೊಟ್ಟಣದ ಮೇಲೆಯೇ, ಆಯಾ ರಾಜ್ಯದ ಭಾಷೆಯಲ್ಲಿ ಇರಬೇಕು. ಗ್ರಾಹಕರು 1915ಕ್ಕೆ ಕರೆ ಮಾಡಿ ದೂರು ಕೊಡಬಹುದು, ನಿಜ. ಆದರೆ ಪ್ರಯೋಗಾಲಯದಲ್ಲಿ ತಿಳಿಯಬೇಕಾದ ಸುಳ್ಳನ್ನು ಅವರು ಮನೆಯಲ್ಲಿ ಕೂತು ಪತ್ತೆಹಚ್ಚುವುದು ಹೇಗೆ? ದೂರು ಬಾರದೆಯೂ ತನಿಖೆ ನಡೆಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಮಾರುಕಟ್ಟೆಯಿಂದ ಮಾದರಿ ತರಿಸಿ ಪರೀಕ್ಷಿಸಿ, ಕಂಪನಿಯ ಹೆಸರು ಸಹಿತ ಫಲಿತಾಂಶ ಪ್ರಕಟಿಸಲಿ.

ಹೊರಗೆ ಹಿಡಿತ ಬಿಗಿಯಾಗುತ್ತಿದೆ. ಡಚ್ ವಿಮಾನ ಸಂಸ್ಥೆ ಕೆಎಲ್‌ಎಂ ಹೊಣೆಯರಿತ ಹಾರಾಟದ ಹೆಸರಿನಲ್ಲಿ ಪ್ರಚಾರ ನಡೆಸಿತ್ತು. ಗಿಡ ನೆಡುವ ಯೋಜನೆಗೆ ಹಣ ಕೊಟ್ಟರೆ ಹಾರಾಟದ ಹೊರೆ ಇಳಿಯುತ್ತದೆಂಬ ಭಾವನೆ ಹುಟ್ಟಿಸಿದ್ದೂ ಸೇರಿ ಅದರ ಹಲವು ಮಾತುಗಳು ಜನರನ್ನು ದಾರಿ ತಪ್ಪಿಸುವಂಥವು ಎಂದು 2024ರ ಮಾರ್ಚ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ನ್ಯಾಯಾಲಯ ತೀರ್ಪಿತ್ತಿತು. ಬೇರೆಲ್ಲೋ ಗಿಡ ನೆಟ್ಟ ಲೆಕ್ಕ ತೋರಿಸಿ ಒಂದು ಸರಕನ್ನು ‘ಇಂಗಾಲ ತಟಸ್ಥ’ ಎಂದು ಮಾರುವುದನ್ನು, 2026ರ ಸೆಪ್ಟೆಂಬರ್ 27ರಿಂದ ಅನ್ವಯವಾಗುವ ಐರೋಪ್ಯ ಒಕ್ಕೂಟದ ನಿಯಮ ನಿಷೇಧಿಸುತ್ತದೆ. ಭಾರತದಲ್ಲಿ ಅದೇ ಮಾತಿಗೆ ಪುರಾವೆ, ವಿವರಣೆ ಒದಗಿಸಿದರೆ ಅವಕಾಶವಿದೆ. ಇಂಜಿನ್ನಿನಿಂದ ಹೊಗೆ ಹೊರಬೀಳುವುದು ಇವತ್ತೇ. ನೆಟ್ಟ ಸಸಿ ಅದನ್ನು ಹೀರಿಕೊಳ್ಳಲು ದಶಕಗಳು ಬೇಕು, ಅದೂ ಬದುಕಿ ಉಳಿದರೆ. ಈ ಅವಕಾಶವನ್ನು ಪ್ರಾಧಿಕಾರ ಮುಚ್ಚಬೇಕು.