ಬಸ್ಸು ಬಂದಳು

ಸಾಸವಡದ ಎಸ್.ಟಿ. ಸ್ಟ್ಯಾಂಡಿನಲ್ಲಿ ಹಡಪಸರದ ಬಸ್ಸಿಗೆ ಕಾಯುತ್ತಿದ್ದೆವು. "ಅಪ್ಪಾ, ಬಸ್ಸು ಬಂದಳು!" ಅಂತ ಕೂಗಿದಳು ನನ್ನ ಏಳು ವರ್ಷದ ಮಗಳು. ಮರಾಠಿಯಲ್ಲಿ ಬಸ್ಸು ಹೆಣ್ಣು, 'ಬಸ್ ಆಲೀ'. ಶಾಲೆಯಲ್ಲಿ, ಓಣಿಯಲ್ಲಿ ಅವಳು ದಿನವಿಡೀ ಕೇಳುವುದು ಅದನ್ನೇ.

"ಬಂದಳು ಅಲ್ಲ, ಬಂತು" ಅಂದೆ. "ಯಾಕೆ?" ಅಂದಳು. ಉತ್ತರ ಹೊಳೆಯಲಿಲ್ಲ.

ರಾತ್ರಿ ಫೋನಿನಲ್ಲಿ ಧಾರವಾಡದ ಅಜ್ಜಿಗೂ ಹಾಗೇ ಹೇಳಿದಳು. ಅಜ್ಜಿ ಬಿದ್ದು ಬಿದ್ದು ನಕ್ಕರು. "ಬಸ್ಸಿಗೆ ಸೀರಿ ಉಡಿಸೀರೇನು ಅಲ್ಲೆ?" ಅಂದರು. ಅವತ್ತಿನಿಂದ ಮಗಳು ಫೋನಿನಲ್ಲಿ ಹೂಂ, ಊಹೂಂ ಬಿಟ್ಟರೆ ಕನ್ನಡವೇ ಆಡಲಿಲ್ಲ.

ನಾನು ಬೆಳೆದ ಧಾರವಾಡದಲ್ಲಿ ಕಿಟೆಲ್ ಹೆಸರಿನ ಕಾಲೇಜೇ ಇದೆ. ದಿನಾ ಅದರ ಮುಂದೆ ಓಡಾಡಿದರೂ ಆ ಮನುಷ್ಯ ಯಾರು ಅಂತ ಕೇಳಿರಲಿಲ್ಲ. ಫರ್ಡಿನಾಂಡ್ ಕಿಟೆಲ್ ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿದವರು. ಬಾಸೆಲ್ ಮಿಷನ್ ಅವರನ್ನು 1853ರಲ್ಲಿ ಇಲ್ಲಿಗೆ ಕಳಿಸಿತು. ಬಂದ ಕೆಲಸಕ್ಕಿಂತ ಕನ್ನಡದ ಗೀಳೇ ಹೆಚ್ಚಾಯಿತು. ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದು ಅಚ್ಚಾದ 1903ರಲ್ಲೇ ತೀರಿಕೊಂಡರು.

ನನಗೆ ಬೆರಗಾಗುವುದು ಬೇರೆ ಮಾತು. ಜರ್ಮನ್ ಭಾಷೆಯಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಸೂರ್ಯ ಹೆಂಗಸು, ಚಂದ್ರ ಗಂಡಸು! ಅಂಥ ಭಾಷೆಯಿಂದ ಬಂದವರಿಗೆ ನಮ್ಮ ಪದ್ಧತಿ ಹೇಗೆ ಕಂಡಿರಬೇಕು? ಕನ್ನಡದಲ್ಲಿ ಪದಕ್ಕಲ್ಲ, ಅದರ ಅರ್ಥಕ್ಕೆ ಲಿಂಗ. ಮನುಷ್ಯರು, ದೇವರು, ಮನುಷ್ಯರಂತೆ ನಾವು ಕಾಣುವ ಸೂರ್ಯಚಂದ್ರರು, ಇವರಿಗೆ ಗಂಡು ಹೆಣ್ಣು ಉಂಟು. ಮಿಕ್ಕಿದ್ದೆಲ್ಲ 'ಅದು'. ಹಾಲು ಕೊಡುವ ಆಕಳೂ 'ಬಂತು', ಬಸ್ಸೂ 'ಬಂತು'.

ಇದನ್ನೇ ಮಗಳಿಗೆ ಹೇಳಿದೆ. ಅವಳ ತಪ್ಪು ದಡ್ಡತನದ್ದಲ್ಲ, ಮರಾಠಿಯ ನಿಯಮವನ್ನು ಕನ್ನಡಕ್ಕೆ ತಂದಳು ಅಷ್ಟೇ ಅಂತಲೂ ಹೇಳಿದೆ. ಇದನ್ನು ಮೊದಲೇ ಹೇಳಬೇಕಿತ್ತು.

"ಹಾಗಾದ್ರೆ ಚಂದಮಾಮ ಬಂದ, ಬಸ್ಸು ಬಂತು?"

"ಹೌದು."

ಸ್ವಲ್ಪ ಹೊತ್ತು ಸುಮ್ಮನಿದ್ದು ತಾನೇ ಫೋನು ಹಚ್ಚಿದಳು. "ಅಜ್ಜೀ, ಜರ್ಮನಿಯಲ್ಲಿ ಸೂರ್ಯ ಹೆಂಗಸು, ಗೊತ್ತಾ?"

"ಹೌದೇನವಾ? ಆಕೀಗೂ ಸೀರಿ ಉಡಿಸ್ಯಾರೇನು?"

ಈ ಸಲ ಇಬ್ಬರೂ ನಕ್ಕರು.