ಮೊದಲು ತೊಳೆಯಲಿ, ಆಮೇಲೆ ಹೊಲಿಯಲಿ

ಯಂತ್ರಕ್ಕೆ ಸಿಕ್ಕಿ ಕೈ ಕೊಯ್ದುಕೊಂಡವನನ್ನು ಕಂಡೊಡನೆ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: “ಬೇಗ ಹೊಲಿಗೆ ಹಾಕಿಸಿ.” ಹೊಲಿಗೆ ಬಿದ್ದರೆ ಅರ್ಧ ಗುಣವಾದಂತೆ ಎಂಬುದು ನಮ್ಮ ಜನರ ನಂಬಿಕೆ. ಆದರೆ ಹೊಲಿಗೆ ಗಾಯವನ್ನು ಮಾಯಿಸುವುದಿಲ್ಲ. ಅದು ತಾನಾಗಿ ಮಾಯುವವರೆಗೆ ಎರಡು ಅಂಚುಗಳನ್ನು ಕೂಡಿಸಿ ಹಿಡಿದಿರುತ್ತದೆ, ಅಷ್ಟೆ. ಒಳಗೆ ಎಣ್ಣೆ, ಮಣ್ಣು, ಕಬ್ಬಿಣದ ಚೂರು ಉಳಿದಿರುವಾಗ ಮೇಲೆ ಹೊಲಿದರೆ ಕೀವನ್ನು ಒಳಗೇ ಕೂಡಿಹಾಕಿದಂತಾಗುತ್ತದೆ.

ಈ ಪಾಠವನ್ನು ಜಗತ್ತು ದೊಡ್ಡ ಬೆಲೆ ತೆತ್ತು ಕಲಿಯಿತು. 1914ರಲ್ಲಿ ಆರಂಭವಾದ ಮಹಾಯುದ್ಧದಲ್ಲಿ, ಗೊಬ್ಬರ ಹಾಕಿದ ಹೊಲಗಳಲ್ಲಿ ಬಿದ್ದ ಸಿಪಾಯಿಗಳ ಗಾಯಗಳನ್ನು ಮೊದಮೊದಲು ಒಡನೆಯೇ ಹೊಲಿದುಬಿಡುತ್ತಿದ್ದರು. ಒಳಗೆ ಕೊಳೆತ ಹುಟ್ಟಿ ಅನೇಕರು ಕೈಕಾಲು, ಪ್ರಾಣ ಕಳೆದುಕೊಂಡರು. ಆಮೇಲೆ ಬೆಲ್ಜಿಯಂನ ಶಸ್ತ್ರವೈದ್ಯ ಆಂಟ್ವಾನ್ ದಪಾಜ್ ಮೊದಲಾದವರು ಸತ್ತ ಮಾಂಸವನ್ನು ಕತ್ತರಿಸಿ ತೆಗೆದು, ಗಾಯವನ್ನು ತೆರೆದಿಟ್ಟು, ಸೋಂಕಿಲ್ಲವೆಂದು ಕಂಡ ಮೇಲೆ ಹೊಲಿಯತೊಡಗಿದರು. ಇಂದಿಗೂ ತೀರ ಕೊಳೆಯಾದ ಗಾಯವನ್ನು ನಾಲ್ಕೈದು ದಿನ ಬಿಟ್ಟು ಹೊಲಿಯುವುದುಂಟು. ಹಾಗೆ ಮಾಡಿದ ಡಾಕ್ಟರನ್ನು ದೂರುವುದು ಸಲ್ಲದು.

ನೂಲಿನ ಕೆಲಸ ಬಲ್ಲವರಿಗೆ ಹೊಲಿಗೆಯ ಮರ್ಮ ಸುಲಭವಾಗಿ ತಿಳಿಯುತ್ತದೆ. ಬಿಗಿ ಹೆಚ್ಚಾದರೆ ಎಳೆ ಹರಿಯುತ್ತದೆ. ಚರ್ಮದಲ್ಲಾದರೆ ರಕ್ತಸಂಚಾರ ನಿಂತು ಅಂಚು ಸಾಯುತ್ತದೆ. ಅಂಚುಗಳು ಮುಟ್ಟುವಷ್ಟು ಎಳೆದರೆ ಸಾಕು. ಬಿಡಿಬಿಡಿಯಾಗಿ ಗಂಟು ಹಾಕಿದ್ದರೆ, ಒಂದು ಕಡೆ ಕೀವಾದಾಗ ಅಲ್ಲಿನ ಒಂದೆರಡನ್ನು ಬಿಚ್ಚಿದರಾಯಿತು, ಉಳಿದವು ಹಿಡಿದುಕೊಂಡಿರುತ್ತವೆ. ಆಳದ ಗಾಯಕ್ಕೆ ಒಳಗೆ ಕರಗುವ ದಾರ, ಮೇಲೆ ಸಾಮಾನ್ಯವಾಗಿ ನೈಲಾನ್ ಹಾಕುತ್ತಾರೆ. ಮುಖದ ಹೊಲಿಗೆಯನ್ನು ಸುಮಾರು 5 ದಿನಕ್ಕೆ, ತಲೆಯದನ್ನು 7ರಿಂದ 10 ದಿನಕ್ಕೆ, ಕೈಕಾಲಿನದನ್ನು 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ.

ಈ ಕೊನೆಯ ಲೆಕ್ಕವನ್ನು ಕಾರ್ಮಿಕನೂ ಮಾಲಿಕನೂ ಗಮನಿಸತಕ್ಕದ್ದು. ಹೊಲಿಗೆ ಹಾಕಿಸಿದ ಮರುದಿನವೇ ಎಣ್ಣೆ, ಧೂಳಿನ ನಡುವೆ ಅದೇ ಕೈಯಿಂದ ದುಡಿಸಿದರೆ ಹೊಲಿಗೆ ಹರಿಯದೆ ಇದ್ದೀತೆ? ಒಂದು ಬೆರಳು ಮಡಿಸಲು ಬಾರದೆ ಹೋದರೆ ಅದು ಒಂದು ದಿನದ ಕೂಲಿಯ ನಷ್ಟವಲ್ಲ, ಜೀವಮಾನದ ಕಸುಬಿನ ನಷ್ಟ.

ಆದುದರಿಂದ ಗಾಯವಾದವನು ಸಂಕೋಚ ಬಿಟ್ಟು ಕೇಳಬೇಕಾದ ಮಾತುಗಳಿವೆ. ಗಾಯವನ್ನು ಧಾರಾಳ ನೀರಿನಿಂದ ತೊಳೆದರೆ? ಮರಗಟ್ಟಿಸುವ ಸೂಜಿಮದ್ದಿಗೆ ಮೊದಲು ಬೆರಳಿನ ಸ್ಪರ್ಶ ನೋಡಿದರೆ? ಪ್ರತಿ ಬೆರಳನ್ನೂ ಮಡಿಸಿ ಚಾಚಿಸಿ, ಸ್ನಾಯುವಿನ ಹುರಿ ತುಂಡಾಗಿಲ್ಲವೆಂದು ಕಂಡುಕೊಂಡರೆ? ಧನುರ್ವಾಯುವಿನ ಚುಚ್ಚುಮದ್ದು ಬೇಕೆ? ಎಷ್ಟು ದಿನ ವಿಶ್ರಾಂತಿ? ವಿಶ್ರಾಂತಿಯ ದಿನಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅಪಘಾತವನ್ನು ಗಿರಣಿಯ ರಿಜಿಸ್ಟರಿನಲ್ಲಿ ದಾಖಲು ಮಾಡಿಸಿ. ಇಎಸ್‌ಐ ವಿಮೆಯಿದ್ದವನಿಗೆ ಕೆಲಸದಲ್ಲಾದ ಗಾಯಕ್ಕೆ ಔಷಧೋಪಚಾರವೂ, ದುಡಿಯಲಾರದ ದಿನಗಳಿಗೆ ನಗದು ಪರಿಹಾರವೂ ಉಂಟು. ಅದು ಯಾರ ದಾನವೂ ಅಲ್ಲ.

150 ಕೆಲಸಗಾರರಿಗೆ ಕನಿಷ್ಠ ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲೇಬೇಕೆಂದು 1948ರ ಫ್ಯಾಕ್ಟರಿ ಕಾಯಿದೆಯೇ ವಿಧಿಸಿತ್ತು. ಪೆಟ್ಟಿಗೆ ಗೋಡೆಯ ಮೇಲಿದ್ದು ಒಳಗೆ ಬಟ್ಟೆ, ಹತ್ತಿ ಇಲ್ಲದಿದ್ದರೆ ಏನು ಪ್ರಯೋಜನ? ವಾರಕ್ಕೊಮ್ಮೆ ತೆರೆದು ನೋಡುವ ಹಕ್ಕನ್ನು ಕಾರ್ಮಿಕ ಸಂಘಗಳು ಕೇಳಿ ಪಡೆಯಲಿ.

ಡಬ್ಬಿಯ ತಗಡಿಗೆ ಕೈ ಕೊಯ್ದುಕೊಳ್ಳುವ ಅಂಗಡಿಕಾರನಿಗೆ ಇಂಥ ವಿಮೆಯ ಆಸರೆ ಸಾಮಾನ್ಯವಾಗಿ ಇಲ್ಲ. ಅವನೂ ಗಾಯಕ್ಕೆ ಸುಣ್ಣ, ಕಾಫಿಪುಡಿ ಮೆತ್ತದೆ, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು, ಅಂದೇ ಸರಕಾರಿ ಆಸ್ಪತ್ರೆಗೆ ಹೋಗಲಿ. ಅಂಗಡಿ ಒಂದು ಹೊತ್ತು ಮುಚ್ಚಿದರೆ ಮತ್ತೆ ತೆರೆಯಬಹುದು.